ಕೋಳಿ ಕದಿಯದ ಇಸಿದೋರಾ

ನನ್ನ ಮುತ್ತಜ್ಜಿಯ ಅಜ್ಜಿ ಇಸಿದೋರಾ ಎಂಟು ದಿನ ಲಾಕಪ್ಪಿನಲ್ಲಿದ್ದಳು. ಏಕೆಂದು ಯಾರಿಗೂ ನೆನಪಿಲ್ಲ, ಹಾಗಾಗಿ ಊರೇ ಒಂದು ಕಾರಣ ಹುಡುಕಿಕೊಟ್ಟಿತ್ತು: ಕೋಳಿ ಕದ್ದಿರಬೇಕು. ನನ್ನ ಅಜ್ಜಿ ಲೋಲಾ ತೆರಿಂಗ್ ಬೀದಿಗಿಳಿದರೆ ಸಾಕು, ಅಂಗಡಿಯ ರುಫಾ, "ಕೋಳಿ ಎಣಿಸ್ಕೊಳ್ರಪ್ಪಾ, ರೆಪೋಲ್ಯೋ ಮನೆಯವ್ರು ಬಂದ್ರು" ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ಅಜ್ಜಿ ತಲೆ ತಗ್ಗಿಸುತ್ತಾಳೆ.

ಈ ರಜೆಯಲ್ಲಿ ನಾನು ಚರ್ಚಿನ ಹಳೇ ಪುಸ್ತಕಗಳ ಮುಂದೆ ಕೂತೆ. ಮೂರನೇ ದಿನ ಸಿಕ್ಕಿಯೇಬಿಟ್ಟಳು! 1814ರ ಫೆಬ್ರವರಿ, ನಮ್ಮ ಮಯೋನ್ ಬೆಟ್ಟ ಬೆಂಕಿ ಕಾರಿ ಸಿಡಿದು ಊರೂರೇ ಹೂತುಹೋದ ವಾರ. ತೊಟ್ಟಿಲ ಮೇಲೂ ಬೂದಿ ಬೀಳುತ್ತಿದ್ದಾಗ ಹುಟ್ಟಿದ ಮಗುವಿಗೆ ಅಪ್ಪ ಇಟ್ಟ ಹೆಸರು ಇಸಿದೋರಾ ಆಬೊ. ಆಬೊ ಎಂದರೆ ನಮ್ಮ ಮಾತಲ್ಲಿ ಬೂದಿ.

ಅವಳಿಗೆ ಮೂವತ್ತಾರಾದಾಗ, ಅಬಾಕಾ ನಾರು ಸುಲಿದು ಕೈ ಬಿರಿದಿದ್ದಾಗ, ಆಗ ನಮ್ಮನ್ನಾಳುತ್ತಿದ್ದ ಸ್ಪೇನಿನವರ ಕಟ್ಟಳೆ ಬಂತು. ತೆರಿಗೆ ಎತ್ತಲು ನಮ್ಮ ಹೆಸರುಗಳು ಅಡ್ಡಿಯಂತೆ! ತಮ್ಮ ಮಾತಿನ ಅಡ್ಡಹೆಸರುಗಳ ಪಟ್ಟಿ ಮಾಡಿ, ಅದರ ಹಾಳೆ ಹರಿದು ಊರೂರಿಗೆ ಹಂಚಿದರು. ನಮ್ಮೂರಿಗೆ ಬಂದದ್ದು 'ರ' ಅಕ್ಷರದ ಹಾಳೆ; ಇವತ್ತಿಗೂ ಊರೆಲ್ಲ ರೂಬಿಯೋ, ರೆತಾ, ರಿವೇರಾ. ಗುಮಾಸ್ತ ಬೆರಳಿಟ್ಟಲ್ಲಿ ಅವಳು ರೆಪೋಲ್ಯೋ ಆದಳು. ಅಂದರೆ ಅವರ ಮಾತಲ್ಲಿ ಎಲೆಕೋಸು! ಅವಳು ಜನ್ಮದಲ್ಲಿ ಕೋಸನ್ನು ಕಂಡಿದ್ದಳೋ ಇಲ್ಲವೋ. ಬೆಟ್ಟ ಕೊಟ್ಟ ಹೆಸರು ಅಳಿಸಿ ತರಕಾರಿ ಬರೆಯಲು ಅವನಾರು?

ಮರುವರ್ಷ ಅವಳು ಪಕ್ಕದ ಮನೆಯ ಮಗುವಿನ ದೀಕ್ಷಾಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತಳು. ಪಾದ್ರಿ ಹೆಸರು ಕೇಳಿದರು. ಪುಸ್ತಕದ ಅಂಚಿನಲ್ಲಿ ಅವರೇ ಬರೆದಿದ್ದಾರೆ: ಮೂರು ಸಲ ಕೇಳಿದರೂ ಆಬೊ ಎಂದಳು, ಕಟ್ಟಳೆ ಮೀರಿದ್ದಕ್ಕೆ ಎಂಟು ದಿನ ಲಾಕಪ್ಪು.

ಅಷ್ಟೇ! ಕೋಳಿಯೂ ಇಲ್ಲ, ಕಳವೂ ಇಲ್ಲ.

ಫೋನಿನಲ್ಲಿ ಚಿತ್ರ ತೆಗೆದುಕೊಂಡು ಓಡಿಬಂದೆ. ಅಜ್ಜಿ ತೆಂಗಿನಹಾಲಲ್ಲಿ ಬೇಯಿಸಲು ಕೆಸುವಿನೆಲೆಯ ಪೊಟ್ಟಣ ಕಟ್ಟುತ್ತಿದ್ದಳು. ಕೇಳಿ ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಇನ್ನೊಮ್ಮೆ ಓದಿಸಿದಳು, ಮುಖ ಕೆಂಪಾಯಿತು.

"ನಮ್ಮಮ್ಮ ಸಾಯೋವಾಗ್ಲೂ ಹೇಳಿದ್ಲು ಕಣೇ, ನಮ್ ರಕ್ತ ಸರಿಯಿಲ್ಲ, ಹುಷಾರಾಗಿರು ಅಂತ. ಇಸಿದೋರಾಳ ಹೆಸ್ರು ಅವಳಿಗೇ ಬಿಟ್ಟಿದ್ರೆ ಆ ಸ್ಪೇನಿನವ್ರಪ್ಪನ ಮನೆ ಗಂಟೇನು ಹೋಗ್ತಿತ್ತು?"

ಕೈ ತೊಳೆದು ನನ್ನನ್ನು ಎಳೆದುಕೊಂಡು ನೇರ ರುಫಾಳ ಅಂಗಡಿಗೆ ಹೋದಳು. ಗಿರಾಕಿಗಳೆದುರಲ್ಲೇ ಓದು ಎಂದಳು. ಓದಿದೆ. ರುಫಾ ಬೆಪ್ಪಾಗಿ, ತಮಾಷೆಗಂದಿದ್ದು, ಬಿಡಕ್ಕಾ ಅಂದಳು.

"ಬಿಡ್ತೀನಿ. ಅವಳ ಹೆಸ್ರು ಹೇಳು, ಬಿಡ್ತೀನಿ."

ರುಫಾ ಸುತ್ತ ನೋಡಿದಳು. ಎಣ್ಣೆ ಅಳೆಸಿಕೊಳ್ಳಲು ಬಂದವರೂ ಕಾಯುತ್ತಿದ್ದರು. ಕೊನೆಗೆ ಮೆಲ್ಲಗೆ ಹೇಳಿದಳು, ಇಸಿದೋರಾ ಆಬೊ.

ಕೇಳಿಸಲಿಲ್ಲ ಅಂದಳು ಅಜ್ಜಿ.