ದ್ಯಾಮವ್ವನ ಹೆಸರಿಗೆ ನನ್ನ ಕೈ

“ದ್ಯಾಮವ್ವ” ಎಂದು ನರ್ಸಮ್ಮ ಕೂಗಿದಾಗ ಎದ್ದುಹೋಗಿ ತೋಳು ಚಾಚಿದವಳು ನಾನು.

ಗಂಗಾವತಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಅಂದು ಕೆಲಸಗಾರರ ಬಿಪಿ ನೋಡುತ್ತಿದ್ದರು. ಹಿಂದಿನ ಸಲ ಬಿಪಿ ಹೆಚ್ಚಿದ್ದ ಇಬ್ಬರನ್ನು ಮೇಸ್ತ್ರಿ ಕೆಲಸ ಬಿಡಿಸಿದ್ದ. ನನ್ನ ಜೊತೆಗಾತಿ ದ್ಯಾಮವ್ವನಿಗೆ ವಾರದಿಂದ ತಲೆ ಸುತ್ತುತ್ತಿತ್ತು.

“ನನ್ನ ಹೆಸರಿಗೂ ನೀನ ಕೈ ಕೊಡ ಯಕ್ಕಾ. ನಿನ್ನ ಕೈಯೇನ ಸವದ ಹೋಗತೈತೇನ?” ಎಂದು ನಕ್ಕಳು. ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ. ತೌಡಿನ ಧೂಳು ಮೆತ್ತಿದ ನಮ್ಮ ಮುಖಗಳೆಲ್ಲ ನರ್ಸಮ್ಮನಿಗೆ ಒಂದೇ ಆಗಿದ್ದವು. ನನ್ನ ಬಿಪಿ ಸರಿಯಿತ್ತು. ಅದನ್ನೇ ದ್ಯಾಮವ್ವನ ಚೀಟಿಯಲ್ಲಿ ಬರೆದರು.

ಎಂಟೇ ದಿನಕ್ಕೆ, ಚೀಲಕ್ಕೆ ತೌಡು ತುಂಬುತ್ತಿದ್ದ ದ್ಯಾಮವ್ವ ಎದೆ ಹಿಡಿದು ಕುಸಿದಳು. ಮತ್ತೆ ಏಳಲಿಲ್ಲ.

ನಮ್ಮ ಓಣಿಯಲ್ಲಿ ಬಿಪಿ, ಹೃದಯದ ತೊಂದರೆ ಇದ್ದವರು ತಿಂಗಳಿಗೊಮ್ಮೆ ಕೂಡುತ್ತಾರೆ. ಬಿಪಿ ಬಂದ ಮೇಲೆ ಈಗ ನಾನೂ ಹೋಗುತ್ತೇನೆ. ಮೊನ್ನೆ ಅಲ್ಲಿಗೆ ದ್ಯಾಮವ್ವನ ಮಗಳು ಆ ಚೀಟಿ ಹಿಡಿದು ಬಂದಳು. ಸೀದಾ ನನ್ನ ಬಳಿ ಕುಳಿತು, “ನಮ್ಮವ್ವನ ಬಿಪಿ ಛಲೋ ಐತಿ ಅಂತ ಬರದಾರಂತ. ಮತ್ತ ಹೆಂಗ ಹ್ವಾದ್ಲು, ದೊಡ್ಡವ್ವಾ?” ಎಂದು ಕೇಳಿದಳು. ನಾನು ಚೀಟಿ ಇಸಿದುಕೊಂಡು, ಮಡಚಿ ಅವಳ ಕೈಗೇ ಕೊಟ್ಟೆ.

ಮೊಮ್ಮಕ್ಕಳೇ, ಆ ಹುಡುಗಿಗೆ ಹೇಳಲಾಗದ್ದನ್ನು ನಿಮಗಾಗಿ ಇಲ್ಲಿ ಬರೆದಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.