ಚಾಚಾ ಕಲಿಸಿದ ಬಿಟ್ ರೇಟು

ಚಾಚಾರ ಮುಂದಿನ ಹಲ್ಲೊಂದರಲ್ಲಿ ಕೇಬಲ್ ದಪ್ಪದ ಕಚ್ಚು ಬಿದ್ದಿತ್ತು. ಜೇಬಿನಲ್ಲಿ ಇಕ್ಕಳವಿದ್ದರೂ ವೈರಿನ ಸಿಪ್ಪೆ ಸುಲಿಯುವುದು ಹಲ್ಲಿನಿಂದಲೇ. ಊರಿಗೆಲ್ಲ ಚಾಚಾ ಆಗಿದ್ದ ಅವರು ಸವಣೂರಿನಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದರು. ಡಿಪ್ಲೊಮಾ ಮುಗಿಸಿ ಅವರ ಕಂಟ್ರೋಲ್ ರೂಮಿಗೆ ಸೇರಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಸೇರಿದ ಹೊಸದರಲ್ಲೇ ಒಂದು ದಿನ ಹಂಸಭಾವಿ ಹುಡುಗಿಯರ ಖೋ ಖೋ ತಂಡಕ್ಕೆ ಶಿಗ್ಗಾಂವದಲ್ಲಿ ಫೈನಲ್. ನಮ್ಮ ಲೋಕಲ್ ಚಾನೆಲ್‌ನಲ್ಲಿ ಮೊದಲ ನೇರಪ್ರಸಾರ. ಬೇರೆ ಚಾನೆಲ್‌ಗಳ ಜೊತೆ ಒಂದೇ ಸ್ಟ್ರೀಮಿನಲ್ಲಿ ಅದಕ್ಕೆ ಜಾಗ ಹೊಂದಿಸುವ ಲೆಕ್ಕ ನನ್ನದು. ಕೇಬಲ್ಲಿನಲ್ಲಿ ಹರಿಯುವ ಸಂಕೇತದ ಒಂದೊಂದು ತುಣುಕಿಗೆ ಸಿಂಬಲ್ ಎನ್ನುತ್ತಾರೆ; ಸೆಕೆಂಡಿಗೆ ಅರವತ್ತೆಂಟು ಲಕ್ಷ ಎಪ್ಪತ್ತೈದು ಸಾವಿರ ಸಿಂಬಲ್, ಒಂದೊಂದರಲ್ಲಿ ಆರು ಬಿಟ್. ಗುಣಿಸಿದರೆ ನಲವತ್ತೊಂದು ಕಾಲು ಮೆಗಾಬಿಟ್. ಹಳೆಯ ಚಾನೆಲ್‌ಗಳಿಗೆ ಮೂವತ್ತೈದು, ನಮ್ಮದಕ್ಕೆ ನಾಲ್ಕು. ಇನ್ನೂ ಎರಡು ಉಳಿಯಿತಲ್ಲ ಎಂದು ಬೀಗುತ್ತ ಚಾಲೂ ಮಾಡಿದೆ.

ಎಲ್ಲ ಚಾನೆಲ್‌ಗಳ ಚಿತ್ರವೂ ಚೌಕ ಚೌಕವಾಗಿ ಒಡೆಯಿತು. ಆಟ ಶುರುವಾಗಲು ಇಪ್ಪತ್ತೇ ನಿಮಿಷವಿತ್ತು. ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ಕೆಲಸ ಹೋಯಿತೆಂದೇ ತಿಳಿದೆ.

ಚಾಚಾ ನಾನು ಲೆಕ್ಕ ಬರೆದಿದ್ದ ಚೀಟಿ ನೋಡಿದರು. ಅವರ ಅಣ್ಣನದು ವೀಳ್ಯದೆಲೆ ತೋಟ; ಉದಾಹರಣೆಯೂ ಅಲ್ಲಿಂದಲೇ ಬಂತು.

"ಬೇಟಿ, ಎಲಿ ಪೆಂಡಿ ಕಟ್ಟೋದು ನೋಡೀಯಲ್ಲ? ಹೊರಗಿನ ಎಲಿ ತಿನ್ನಾಕಲ್ಲ, ಒಳಗಿನವು ಬಾಡಬಾರದಂತ ಹಾಕೂದು. ಇಲ್ಲೂ ಹಂಗ. ಎರಡನೂರಾ ನಾಕು ಬೈಟಿನಾಗ ಹದಿನಾರು, ಹಾದ್ಯಾಗ ಕೆಟ್ಟಿದ್ದು ರಿಪೇರಿ ಮಾಡಾಕ ಹೋಗ್ತಾವ. ಚಿತ್ರಕ್ಕ ಉಳಿಯೂದು ನೂರಾ ಎಂಬತ್ತೆಂಟ."

ಮತ್ತೆ ಲೆಕ್ಕ ಹಾಕಿದೆ. ಇದ್ದದ್ದೇ ಮೂವತ್ತೆಂಟು, ನಾನು ಮೂವತ್ತೊಂಬತ್ತು ತುರುಕಿದ್ದೆ. ನಮ್ಮ ಚಾನೆಲನ್ನು ಎರಡೂವರೆಗೆ ಇಳಿಸಿದೆ. ಚೌಕಗಳು ಮಾಯವಾದವು, ಮೈದಾನದಲ್ಲಿ ಹುಡುಗಿಯರು ಸಾಲಾಗಿ ಕುಳಿತದ್ದು ಕಂಡಿತು. ಕುರ್ಚಿ ಬಿಟ್ಟು ಕುಣಿದೇಬಿಟ್ಟೆ. ಅತ್ತ ಚಾಚಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ತಪ್ಪು ನಂದ್ರಿ. ನಮ್ಮ ಹುಡುಗಿ ಸರಿ ಮಾಡ್ಯಾಳ."

ಆಮೇಲೆ ಪ್ರತಿ ಲೆಕ್ಕವನ್ನೂ ಅವರಿಗೆ ತೋರಿಸಿಯೇ ಮುಂದುವರಿಯುತ್ತಿದ್ದೆ. ಅವರೂ ಬಿಡುತ್ತಿರಲಿಲ್ಲ, ಬೆರಳಿಟ್ಟು ಗುಣಿಸಿ ನೋಡುತ್ತಿದ್ದರು.

ಹೋದ ವರ್ಷ ಅವರು ಹಾಸಿಗೆ ಹಿಡಿದಾಗ ಹೊಸ ಚಾನೆಲೊಂದನ್ನು ಒಬ್ಬಳೇ ಸೇರಿಸಿ ಅವರ ಮನೆಗೆ ಓಡಿದೆ. ಚೀಟಿ ಮುಂದೆ ಹಿಡಿದೆ. ಅವರು ರಿಮೋಟ್ ತೆಗೆದುಕೊಂಡು ಒಂದೊಂದೇ ಚಾನೆಲ್ ತಿರುಗಿಸಿ ನೋಡಿದರು.

"ಚೀಟಿ ಯಾಕ ಬೇಟಿ? ಚಿತ್ರನ ಹೇಳಾಕತ್ತೈತಲ್ಲ."

ಮೂರನೆಯ ದಿನ ತೀರಿಕೊಂಡರು. ನನ್ನ ಲೆಕ್ಕವನ್ನು ಅವರು ನೋಡದೇ ಬಿಟ್ಟದ್ದು ಅದೊಂದೇ ಸಲ. ಅಷ್ಟು ದೊಡ್ಡ ಸರ್ಟಿಫಿಕೇಟು ನನಗೆ ಯಾವ ಕಾಲೇಜೂ ಕೊಟ್ಟಿಲ್ಲ.