ತೆರೆಯ ಮೇಲಿನವನು ಕರೆದ ಹೆಸರು

ಈ ಮಾತು ತೆಗೆದರೆ ನಮ್ಮ ಮನೆಯವರು ಇವತ್ತಿಗೂ ನನ್ನ ಮೇಲೆ ಹರಿಹಾಯುತ್ತಾರೆ. ಹರಿಹಾಯಲಿ! ನನ್ನ ಕಿವಿಯಾರೆ ಕೇಳಿದ್ದೇನೆ. ಸುಳ್ಳು ಹೇಳಿ ನನಗೇನಾಗಬೇಕು?

ಎಪ್ಪತ್ತರ ದಶಕ. ಸಿಂದಗಿಯ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ದೆವ್ವದ ಹಿಂದಿ ಸಿನಿಮಾ. ಅಣ್ಣ ಊರಲ್ಲಿರಲಿಲ್ಲ. ಅವನ ಹೆಂಡತಿ ಕಮಲಾ ವೈನಿಗೆ ಸಿನಿಮಾ ಎಂದರೆ ಹುಚ್ಚು. ಐದು ತಿಂಗಳ ಕೂಸು ಬಸುವನ್ನು ಎತ್ತಿಕೊಂಡು, ನನ್ನನ್ನೂ ಎಳೆದುಕೊಂಡು ಹೊರಟಳು.

ತೆರೆಯ ಮೇಲೆ ಒಬ್ಬ ಮಂತ್ರವಾದಿ, ಮೇಣದ ಗೊಂಬೆಗೆ ಸೂಜಿ ಚುಚ್ಚುತ್ತ ಸತ್ತವಳ ಆತ್ಮವನ್ನು ಕರೆಯುತ್ತಿದ್ದ. "ಕಮಲಾ..." ಡೋಲಿನ ಸದ್ದು. ಮತ್ತೆ, "ಕಮಲಾ..."

"ಓ," ಎಂದಳು ವೈನಿ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ವೈನಿ ಮಾತ್ರ ನಗಲಿಲ್ಲ.

ಮನೆಗೆ ಬಂದರೆ ಕೂಸು ಹಸಿದು ಚೀರುತ್ತಿದೆ, ಇವಳು ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಮೈಯಿಂದ ಕರಗಿದ ಮೇಣದ ವಾಸನೆ...

"ವೈನಿ, ಕೂಸಿಗೆ ಹಾಲ ಕುಡಸ್ರಿ."

"ಯಾರ ಕೂಸದು?" ಮುದುಕಿಯ ಒಡಕು ದನಿ! ನಾನು ಅವ್ವನನ್ನು ಕೂಗಿದೆ.

ಅವ್ವ ಕೂಸನ್ನು ಕಸಿದು ತೊಟ್ಟಿಲಿಗೆ ಹಾಕಿದಳು. ವೈನಿಯ ಹಣೆಗೆ ವಿಭೂತಿ ಬಳಿದು ಗದರಿದಳು. "ಯಾರ ನೀ? ಯಾಕ ಬಂದಿ?"

"ಕರದ್ರು, ಬಂದೇನಿ."

"ಹೋಗ್ತೀಯೋ ಇಲ್ಲೋ?"

"ಇನ್ನೊಮ್ಮಿ ಕರೀತಾರ. ಆವಾಗ ಯಾರು ಓ ಅಂತಾರ, ಅವರ ಕಡಿ ಹೋಗ್ತೇನಿ."

ಅವ್ವ ಒಂದು ಕೈಯಿಂದ ವೈನಿಯ ಬಾಯಿ ಮುಚ್ಚಿದಳು, ಇನ್ನೊಂದರಿಂದ ನನ್ನದು. "ಉಸುರ ಬಿಡಬ್ಯಾಡ," ಎಂದು ಪಿಸುಗುಟ್ಟಿದಳು.

ಆಟ ಮುಗಿದು ಎಷ್ಟೋ ಹೊತ್ತಾಗಿತ್ತು. ಆದರೂ ಬಾಗಿಲಾಚೆ ಅದೇ ಗಂಡಸಿನ ದನಿ... "ಕಮಲಾ..."

ನಾವು ಯಾರೂ ಮಿಸುಕಲಿಲ್ಲ. ಚೀರುತ್ತಿದ್ದ ಕೂಸು ತಟ್ಟನೆ ಸುಮ್ಮನಾಯಿತು.

ತೊಟ್ಟಿಲಿನಿಂದ, ಸ್ಪಷ್ಟವಾಗಿ, "ಓ..."

ವೈನಿ ಕುಸಿದು ಬಿದ್ದಳು. ಎಚ್ಚರವಾದಾಗ ಮೊದಲಿನ ವೈನಿಯೇ. "ಅಯ್ಯ, ಕೂಸು ಹಸದೈತಿ, ಯಾರೂ ನನ್ನ ಎಬ್ಬಸ್ಲಿಲ್ಲಲ್ಲ!" ಎಂದು ಎದೆಗೆ ಹಾಕಿಕೊಂಡಳು. ಅದು ಚಪ್ಪರಿಸಿ ಕುಡಿಯಿತು. ಅವ್ವ ನನ್ನನ್ನು ಹೊರಗೆ ಕರೆದು ಆಣೆ ಹಾಕಿಸಿಕೊಂಡಳು, ವೈನಿಗೆ ಹೇಳಕೂಡದೆಂದು.

ಬಸು ಈಗ ಇಂಡಿಯಲ್ಲಿ ಮಾಸ್ತರ. ಬಹಳ ಒಳ್ಳೆಯವನು, ಅತ್ತಿ ಅತ್ತಿ ಎಂದು ಜೀವ ಬಿಡುತ್ತಾನೆ. ಮೊನ್ನೆ ಅವನ ಮನೆಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಬೀದಿಯಲ್ಲಿ ಯಾರೋ ತಮ್ಮ ಮಗಳನ್ನು "ಕಮಲಾ" ಎಂದು ಕೂಗಿದರು.

ಬಸು ತಲೆ ಎತ್ತದೆ, ರೊಟ್ಟಿ ಮುರಿಯುತ್ತಲೇ, ಮುದುಕಿಯ ದನಿಯಲ್ಲಿ "ಓ" ಎಂದ.

ಹೊಟ್ಟೆನೋವೆಂದು ನೆಪ ಹೇಳಿ ನಾನು ಅರ್ಧ ಊಟಕ್ಕೇ ಎದ್ದು ಬಸ್‌ಸ್ಟ್ಯಾಂಡಿಗೆ ಬಂದೆ.